ಏಳು ಆವರ್ತ ಸುಮ್ಮನೆ

ಮಾರ್ಚ್ 3, ಬೆಳಿಗ್ಗೆ 9

ಕಮಾನಿಗೆ ರಾಳ ಉಜ್ಜಿ ಆಯಿತು. ರೆಕಾರ್ಡಿಂಗಿನ ಎರಡನೇ ದಿನ. ನನ್ನ ಮೊದಲ ಆಲ್ಬಂ — ಪೂರ್ವ ಯುರೋಪಿನ ಸ್ಲಾವ್ ನಾಡುಗಳ ನಾಲ್ಕು ಕೃತಿ, ನನ್ನ ವಯಲಿನ್, ಅತ್ತೆಯ ಪಿಯಾನೊ. ಅಪ್ಪನ ಫೋನ್. "ನನ್ನಕ್ಕ ಹೇಳ್ದಂಗೆ ಕೇಳು. ಅರವತ್ತೆಂಟಾದ್ರೂ ಅವಳ ಲೆಕ್ಕ ತಪ್ಪಲ್ಲ." ಸರಿ ಮಹಾರಾಯರೇ, ಅಂದೆ.

ಅದೇ ದಿನ, ಸಂಜೆ 5

ನಾಚಿಕೆಯಾಗುತ್ತಿದೆ. ಬರೆದೇಬಿಡುತ್ತೇನೆ.

ಮೂರನೇ ಕೃತಿ. ಏಳು ಆವರ್ತ ಅತ್ತೆ ಒಬ್ಬರೇ ನುಡಿಸಬೇಕು, ನಾನು ಸುಮ್ಮನೆ ಎಣಿಸಬೇಕು. ಆರಕ್ಕೇ ನುಗ್ಗಿದೆ. ಎಲ್ಲ ಕಲಸುಮೇಲೋಗರ. ತಕ್ಷಣ ಕಮಾನು ಎತ್ತಿ, ಪಿಯಾನೊ ಕಡೆ ತಿರುಗಿ, ಹುಬ್ಬು ಗಂಟಿಕ್ಕಿದೆ — ತಪ್ಪು ಅತ್ತೆಯದೇ ಎಂಬಂತೆ. ಯಾಕೆ? ಗೊತ್ತಿಲ್ಲ... ಗೊತ್ತಿದೆ. ಗಾಜಿನಾಚೆ ರೆಕಾರ್ಡಿಸ್ಟ್ ನೋಡುತ್ತಿದ್ದ.

"ಸಾರಿ ಕಣೇ, ನಾನೇ ಒಂದು ಜಾಸ್ತಿ ನುಡಿಸ್ಬಿಟ್ಟೆ ಅನ್ಸತ್ತೆ," ಅಂದರು ಅತ್ತೆ.

"ಪರವಾಗಿಲ್ಲ ಅತ್ತೆ."

ಪರವಾಗಿಲ್ಲವಂತೆ! ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದು ಬೇರೆ.

ಮಾರ್ಚ್ 4

ರೆಕಾರ್ಡಿಂಗ್ ಮುಗಿಯಿತು. ಅತ್ತೆ ಇಡೀ ದಿನ ತುಟಿ ಆಡಿಸುತ್ತ ಎಣಿಸಿದರು. ಹಿಂದೆಂದೂ ಹಾಗೆ ಮಾಡಿದವರಲ್ಲ. ಹೇಳಿಬಿಡೋಣವೆಂದು ಬಾಯಿ ತೆರೆದೆ. ಟೀ ಬಂತು. ಕುಡಿದೆ.

ಮಾರ್ಚ್ 7, ಮಧ್ಯಾಹ್ನ

ಅಪ್ಪನ ಫೋನ್. ಅತ್ತೆ ತಮ್ಮ ಪಿಯಾನೊ ಶಿಷ್ಯರಿಗೆಲ್ಲ ಬೇರೆ ಟೀಚರ್ ನೋಡಿಕೊಳ್ಳಿ ಅಂದಿದ್ದಾರಂತೆ.

"ಲೆಕ್ಕ ತಪ್ತಾ ಇದೆ, ಮರ್ಯಾದೆಯಾಗಿ ನಿಲ್ಲಿಸ್ಬಿಡ್ತೀನಿ ಅಂತಾಳೆ. ನಮ್ಮಮ್ಮಂಗೂ ಮರೆವು ಹೀಗೇ ಶುರುವಾಗಿದ್ದಲ್ವಾ, ಹೆದರಿಬಿಟ್ಟಿದಾಳೆ. ನಾಳೆ ಡಾಕ್ಟರ್ ಹತ್ರ ಹೋಗ್ತಾಳಂತೆ."

ಬಿದ್ದೆನೋ ಎದ್ದೆನೋ ಎಂದು ಸ್ಟುಡಿಯೋಗೆ ಓಡಿದೆ. ಕೆಟ್ಟುಹೋದ ಒಂದು ಟೇಕ್ ಬೇಕಿತ್ತು ಅಂದೆ.

"ನೀವು ಆರಕ್ಕೇ ಬಂದ್ರಲ್ಲ, ಅದಾ?" ಅಂದ ರೆಕಾರ್ಡಿಸ್ಟ್, ತಲೆ ಕೂಡ ಎತ್ತದೆ.

ಅವನಿಗೆ ಆವತ್ತೇ ಗೊತ್ತಿತ್ತು. ನೆಲ ಬಾಯಿಬಿಡಬಾರದೇ ಅನಿಸಿತು.

ಸಂಜೆ 6

ಆ ಟೇಕನ್ನು ಅತ್ತೆಗೆ ಹಾಕಿ ಕೇಳಿಸಿದೆ. ಮೇಜಿನ ಮೇಲೆ ಅವರ ಬೆರಳು ಆವರ್ತ ಎಣಿಸುತ್ತಿತ್ತು. ಆರಕ್ಕೇ ನನ್ನ ವಯಲಿನ್ ಬಂತು. ಬೆರಳು ಹಾಗೇ ನಿಂತಿತು.

"ತಪ್ಪು ನಂದು ಅತ್ತೆ. ಆವತ್ತೇ ಗೊತ್ತಿತ್ತು."

ಉಗಿಯುತ್ತಾರೆ ಅಂದುಕೊಂಡೆ. ಉಗಿಯಲಿಲ್ಲ. ಕನ್ನಡಕ ತೆಗೆದರು. "ಹಾಗಾದ್ರೆ ನನ್ನ ತಲೆ ಸರಿಯಾಗೇ ಇದೆ," ಅಂದರು. ಕಣ್ಣು ತುಂಬಿತ್ತು.

ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡು — "ಇದನ್ನ ಹೇಳೋಕೆ ನಾಲ್ಕು ದಿನ ಬೇಕಾಯ್ತೇನೇ?"

"ಸಾರಿ ಅತ್ತೆ," ಅಂದೆ, ಅಷ್ಟೇ. ಇಲ್ಲಿಯಾದರೂ ನಿಜ ಬರೆಯಬೇಕು. ಇವತ್ತು ಅಪ್ಪ ಫೋನ್ ಮಾಡದೆ ಇದ್ದಿದ್ದರೆ ನಾನು—