ಡಬ್ಬಿಯೊಳಗಿನ ಅರವತ್ತೈದು

ಮನೆಯಿಂದ,
ಮಾರ್ಚ್ ೧೧, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಮಂಡಿನೋವು ಕಡಿಮೆಯಾಯಿತೇ? ಭಾವನ ಕೆಮ್ಮು ನಿಂತಿತೇ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ, ಅಂದರೆ ದಿನಕ್ಕೆ ಹತ್ತು ಸಲ ನಿನ್ನ ಹೆಸರು ಹೇಳುವಷ್ಟು ಚೆನ್ನಾಗಿದ್ದಾಳೆ. ನಾನು ಊಟ ಬಡಿಸಿ ನಿಂತರೆ, "ದೊಡ್ಡೋಳು ಉಂಡ್ಲೋ ಇಲ್ವೋ" ಎನ್ನುತ್ತಾಳೆ. ಬಡಿಸಿದವಳು ಉಂಡಳೇ ಎಂದು ಕೇಳುವವರು ಈ ಮನೆಯಲ್ಲಿ ಇನ್ನೂ ಹುಟ್ಟಿಲ್ಲ.

ನಿನ್ನ ಪತ್ರ ಗುರುವಾರ ಬಂತು. ಅಪ್ಪನ ಬೆಳ್ಳಿ ನಾಣ್ಯವನ್ನು ಬರುವ ಶನಿವಾರ ನಾಣ್ಯಸಂಗ್ರಾಹಕರ ಸಂಘದ ಪ್ರದರ್ಶನದಲ್ಲಿ ಇಡುತ್ತೀಯಂತೆ, ಮೇಲೆ ಅಪ್ಪನ ಫೋಟೊ, ಕೆಳಗೆ ನಿನ್ನ ಹೆಸರು. ಅಮ್ಮ ಅದನ್ನು ನನ್ನಿಂದ ಮೂರು ಸಲ ಓದಿಸಿ ಮೂರು ಸಲವೂ ಅತ್ತಳು. ಬೀದಿಗೆಲ್ಲ ಸಾರಿಯೂ ಬಂದಳು. ಮರುದಿನ ನಾನು ಕೆಲಸ ಮಾಡುವ ಕನ್ನಡಕದಂಗಡಿಯ ಯಜಮಾನರು, "ಏನಮ್ಮಾ, ಅಕ್ಕ ದೊಡ್ಡ ಮನುಷ್ಯಳಾದ್ಲಂತೆ, ಸ್ವೀಟು ಎಲ್ಲಿ?" ಎಂದರು. ಮುಚ್ಚುಮರೆ ಏಕೆ, ನನಗೆ ಹೊಟ್ಟೆಕಿಚ್ಚಾಯಿತು. ಆ ದಿನ ಒಬ್ಬರ ಕನ್ನಡಕಕ್ಕೆ ಎಡಗಾಜು ಬಲಕ್ಕೆ ಕೂರಿಸಿ ಬೈಸಿಕೊಂಡೆ.

ನೀನೇ ಹೇಳು, ಇದು ನ್ಯಾಯವೇ? ಅಪ್ಪ ಗಡಿಯಾರ ರಿಪೇರಿಯ ಮೇಜಿನ ಮುಂದೆ ಕೂತು ಭೂತಗನ್ನಡಿ ಹಿಡಿದು ನಾಣ್ಯ ನೋಡುವಾಗ ಪಕ್ಕದಲ್ಲಿ ದೀಪ ಹಿಡಿದು ನಿಂತವಳು ನಾನು. ತೂಕ ಬರೆದವಳು, ಅಯಸ್ಕಾಂತ ಹಿಡಿದು ನೋಡಿದವಳು, ಅಸಲಿಯೇ ಎಂದು ನೋಡಿ ಅಂಕ ಕೊಡುವ ಪರೀಕ್ಷಕರಿಗೆ ಕಳಿಸಲು ಪೊಟ್ಟಣ ಕಟ್ಟಿದವಳೂ ನಾನೇ. ಎರಡು ತಿಂಗಳ ಮೇಲೆ ಅದು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲಾಗಿ, ಎಪ್ಪತ್ತಕ್ಕೆ ಅರವತ್ತೈದು ಅಂಕ ಪಡೆದು ಬಂತು. ಅಪ್ಪ ಬಂದವರ ಮುಂದೆಲ್ಲ ಹೇಳಿದ್ದು ನೆನಪಿದೆಯೇ? "ನಮ್ಮ ದೊಡ್ಡೋಳು ಇದೇ ಥರ, ಒಂದು ಗೀರಿಲ್ಲದೆ ಹೊಳೀತಾಳೆ. ಚಿಕ್ಕೋಳು ಬಿಡಿ, ಚಲಾವಣೆ ನಾಣ್ಯ, ತಿರುಗಿ ತಿರುಗಿ ಸವೆದಿದಾಳೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ಕೊನೆಗೆ ಅಪ್ಪ ಹೋದ ಮೇಲೆ ಹಂಚುವಾಗ ಡಬ್ಬಿ ನಿನಗೆ, ತಗಡಿನ ಪೆಟ್ಟಿಗೆಯ ಬಿಡಿ ನಾಣ್ಯಗಳು ನನಗೆ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡ ಹಾಗೆ. ಕೋಪಿಸಿಕೊಳ್ಳಬೇಡ, ಗಾದೆ ನಾನು ಮಾಡಿದ್ದಲ್ಲ.

ಇರಲಿ. ಪ್ರದರ್ಶನಕ್ಕೆ ಇಡುವ ಮುನ್ನ ಒಂದು ಮಾತು ಕೇಳು. ಈಗ ನಾಣ್ಯವನ್ನಷ್ಟೇ ಅಲ್ಲ, ಡಬ್ಬಿಯನ್ನೂ ಖೋಟಾ ಮಾಡುತ್ತಾರೆ. ಯಾವುದೋ ಅಸಲಿ ನಾಣ್ಯಕ್ಕೆ ಪರೀಕ್ಷಕರು ಕೊಟ್ಟ ನಂಬರನ್ನೇ ಡಬ್ಬಿಯ ಚೀಟಿಯ ಮೇಲೆ ಅಚ್ಚು ಹಾಕುತ್ತಾರೆ. ಹುಡುಕಿದರೆ ನಂಬರು ಸರಿಯಾಗಿಯೇ ಸಿಗುತ್ತದೆ. ಅಷ್ಟಕ್ಕೇ ಸುಮ್ಮನಾಗಬೇಡ. ಪರೀಕ್ಷಕರ ವೆಬ್‌ಸೈಟಿನಲ್ಲಿ ನಂಬರಿನ ಜೊತೆ ಫೋಟೊ ಇರುತ್ತದೆ, ಅದನ್ನು ಪಕ್ಕದಲ್ಲಿಟ್ಟುಕೊಂಡು ನೋಡು. ಫೋಟೊದಲ್ಲಿ ನಾಣ್ಯದ ಮೇಲಿನ ರಾಣಿಯ ಕಿವಿಯ ಕೆಳಗೆ ಕೂದಲೆಳೆಯಷ್ಟು ಚುಕ್ಕೆಯಿದೆ, ನಿನ್ನದರಲ್ಲಿ ಇದೆಯೇ? ಸಂಘದವರದು ಹದ್ದಿನ ಕಣ್ಣು. ನಲವತ್ತು ವರ್ಷ ಒಂದು ಖೋಟಾಕ್ಕೂ ಮೋಸ ಹೋಗದ ಮನುಷ್ಯ ಎಂದು ಅಪ್ಪನನ್ನು ಕೊಂಡಾಡಿದವರು ಅವರೇ. ಅಪ್ಪನ ಫೋಟೊದ ಕೆಳಗೆ ಖೋಟಾ ಕಂಡರೆ ಆ ಹೆಸರು ಒಂದೇ ದಿನದಲ್ಲಿ ಮಣ್ಣುಪಾಲು.

ಭಾವನಿಗೆ ನನ್ನ ನಮಸ್ಕಾರ. ಅಮ್ಮ ನಿಮ್ಮಿಬ್ಬರಿಗೂ ಆಶೀರ್ವಾದ ಹೇಳಿದ್ದಾಳೆ, ನಿನಗೆ ಒಂದು ಹಿಡಿ ಹೆಚ್ಚು.

ನಿನ್ನ ತಂಗಿ,
ಮೆಣಸಿನಕಾಯಿ

ವಿ.ಸೂ.: ಅಂಟಿಸಿದ ಲಕೋಟೆಯನ್ನು ಹರಿದು ಬರೆಯುತ್ತಿದ್ದೇನೆ. ಅಕ್ಕಾ, ಚುಕ್ಕೆ ಹುಡುಕಬೇಡ, ಇಲ್ಲ. ನೀನು ಡಬ್ಬಿ ಒಯ್ಯುವ ಹಿಂದಿನ ದಿನ ಅಂಗಡಿಯ ಸಣ್ಣ ಗರಗಸದಿಂದ ಅದನ್ನು ಬಿಡಿಸಿ, ಅಸಲಿ ತೆಗೆದು, ಖೋಟಾ ಹೇಗಿರುತ್ತದೆಂದು ಕಲಿಸಲು ಅಪ್ಪ ಇಟ್ಟುಕೊಂಡಿದ್ದ ಅದೇ ಮಾದರಿಯ ಖೋಟಾ ಇಟ್ಟು ಅಂಟಿಸಿದವಳು ನಾನೇ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಶನಿವಾರ ಡಬ್ಬಿಯನ್ನು ಇಡಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ಅಸಲಿ ನಾಣ್ಯ ಈ ಲಕೋಟೆಯೊಳಗೆ ಹತ್ತಿಯಲ್ಲಿದೆ, ನಾಳೆಯೇ ರಿಜಿಸ್ಟರ್ಡ್ ಪೋಸ್ಟಿಗೆ ಹಾಕುತ್ತೇನೆ. ಇನ್ನು ಅದಕ್ಕೆ ಅರವತ್ತೈದು ಸಿಗದು. ದಿನಾ ಕೈಯಲ್ಲಿ ಹಿಡಿದು ಹಿಡಿದು ನನ್ನ ಬೆರಳಚ್ಚು ಕೂತುಬಿಟ್ಟಿದೆ. ಒರೆಸಬೇಡ, ಇನ್ನೂ ಹಾಳಾಗುತ್ತದೆ. ಅಮ್ಮನಿಗೆ ನೀನೇ ಹೇಳು. ನೀನು ಹೇಳಿದರೆ ಅವಳು ನಂಬುತ್ತಾಳೆ.