ಹಿಂದಿನ ಬ್ರೇಕಿನ ಲೈನಿಂಗ್

12 ಜನವರಿ 1984, ಗುರುವಾರ

ಟೆಂಪೋದ ಕ್ಲಚ್ ಪ್ಲೇಟ್ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಶಂಭುಲಿಂಗಪ್ಪ ತನ್ನ ಫಿಯಾಟ್ ತಂದು ಗ್ಯಾರೇಜಿನ ಬಾಗಿಲಿಗೇ ಅಡ್ಡ ನಿಲ್ಲಿಸಿದ. ನೀಲಕ್ಕನ ತಮ್ಮ. ಹೆಂಡತಿಯ ತಮ್ಮ ಅಂದಮೇಲೆ ಅವಳೆದುರು ಬಯ್ಯುವಂತಿಲ್ಲ, ಇಲ್ಲಿ ಬರೆದುಕೊಳ್ಳಬೇಕಷ್ಟೇ. ಫೆಬ್ರವರಿ ಐದಕ್ಕೆ ಮದ್ರಾಸ್ ಹತ್ತಿರ ಹಳೇ ಏರ್‌ಸ್ಟ್ರಿಪ್ ಮೇಲೆ ಕಾರ್ ರೇಸ್ ಇದೆಯಂತೆ. ಇವನೂ ಓಡಿಸುತ್ತಾನಂತೆ! ಸ್ಟೆಪ್ನಿ ಬದಲಿಸಲಿಕ್ಕೂ ಬಾರದ ಮಹಾಶಯ.

ಹಿಂದಿನ ಬ್ರೇಕ್ ಬಿಚ್ಚಿದೆ. ಗಾಲಿ ಹಿಡಿದು ನಿಲ್ಲಿಸುವ ಲೈನಿಂಗ್ ಪಟ್ಟಿ ಸವೆದು, ಅದನ್ನು ಕೂರಿಸಿದ ರಿವೆಟ್ ಕಾಣುತ್ತಿದೆ.

“ಯಾವ ಲೈನಿಂಗ್ ಹಾಕೂಣ್ರಿ ಮಾಮಾ?”

“ಅಗದಿ ಬಿಗಿ ಹಿಡಿಯೂದು. ನೀ ಸುಮ್ನ ಕುಂದರು.”

ನಮ್ಮ ನವಲಗುಂದದಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಯಾವಾಗಲೂ ನಾಲ್ಕು ಜನ, ಡಿಕ್ಕಿಯಲ್ಲಿ ಹತ್ತಿಕಾಳಿನ ಚೀಲ. ಹದಿನೈದು ವರ್ಷದಿಂದ ಹಿಂದಿನ ಗಾಲಿಗೆ ಬಿಗಿ ಹಿಡಿತದ್ದೇ ಹಾಕುತ್ತ ಬಂದಿದ್ದೇನೆ. ಒಬ್ಬನೂ ದೂರಿಲ್ಲ.

17 ಜನವರಿ

ಹುಬ್ಬಳ್ಳಿ. ಲೈನಿಂಗ್ ಹೊಡೆಯುವ ಅಬ್ದುಲ್‌ಸಾಬನ ಅಂಗಡಿ. ಮುದುಕ ಮೂರು ತರದ್ದು ಮುಂದಿಟ್ಟ — ಸಡಿಲ, ನಡುವಿನದು, ಬಿಗಿ. ಬಿಗಿಯದ್ದು ಎತ್ತಿಕೊಂಡೆ. ಶುರುವಾಯಿತು ಅವನ ಪ್ರವಚನ.

“ರೇಸಿನ ಗಾಡಿ ಅಂತೀರಿ. ಒಬ್ಬಾಂವ ಕುಂದರೂದು, ಹಿಂದ ಖಾಲಿ. ಹಿಂದಿನ ಗಾಲಿ ಮೊದಲ ಜಾಮ್ ಆದ್ರ ಗಾಡಿ ತಿರುಗತೈತ್ರಿ. ನಡುವಿಂದು ಹಾಕ್ರಿ.”

ರಿವೆಟ್ ಹೊಡೆಯುವವನು ನನಗೆ ಪಾಠ ಹೇಳುತ್ತಾನೆ! ಜನ್ಮದಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸಿಲ್ಲ. “ಹೇಳಿದ್ದು ಹೊಡೀರಿ” ಅಂದೆ. ಹೊಡೆದ.

20 ಜನವರಿ

ಡಿಕ್ಕಿಯಲ್ಲಿ ಎರಡು ಚೀಲ ಹಾಕಿ ಅಣ್ಣಿಗೇರಿ ರಸ್ತೆಯಲ್ಲಿ ಟೆಸ್ಟ್. ನನ್ನ ಪದ್ಧತಿಯೇ ಅದು, ಚೀಲ ಇಲ್ಲದೆ ಬ್ರೇಕ್ ನೋಡುವುದಿಲ್ಲ. ಅರವತ್ತರಲ್ಲಿ ಒತ್ತಿದೆ. ಮೊಳೆ ಹೊಡೆದ ಹಾಗೆ ನಿಂತಿತು. ಮುದುಕನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕಿತ್ತು.

30 ಜನವರಿ

ಶಂಭು ಬಂದ, ಮುಖ ಸಪ್ಪಗೆ. ಖಾಲಿ ಗಾಡಿಯಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಜಾರುತ್ತದಂತೆ.

“ನಿನಗ ಬ್ರೇಕ್ ಒತ್ತಾಕ ಬರಂಗಿಲ್ಲ. ರೇಸಿಗೆ ಹೊಂಟಾನಂತ!”

“ಹೌದೇನ್ರಿ ಮಾಮಾ? ಮತ್ತ ಕಲೀತೀನ್ರಿ.”

ಕೋಲೆಬಸವ. ಏನು ಹೇಳಿದರೂ ತಲೆ ಆಡಿಸುತ್ತಾನೆ. ಕಾರು ಬಿಟ್ಟು ಹೋದ.

1 ಫೆಬ್ರವರಿ, ಸಂಜೆ

ಚೀಲ ಇಲ್ಲದೆ ನಾನೇ ಓಡಿಸಿದೆ, ಒಬ್ಬನೇ. ಅರವತ್ತರಲ್ಲಿ ಒತ್ತಿದೆ... ಹಿಂಭಾಗ ಮುಂದೆ ಬಂತು. ಕಾರು ಕುಸುಬಿ ಹೊಲದಲ್ಲಿ, ಮುಖ ತಿರುಗಿ ನವಲಗುಂದದ ಕಡೆ. ಯಾರೂ ನೋಡಲಿಲ್ಲ. ಕೈಗೆ ಚುಚ್ಚಿದ ಕುಸುಬಿ ಮುಳ್ಳು ಕೀಳುತ್ತ ಕುಳಿತೆ.

ಮುದುಕ ಹೇಳಿದ್ದು ಸರಿ.

ಅವನ ಮುಂದೆ ಹೋಗಿ ನಿಂತು “ನಡುವಿಂದು ಕೊಡ್ರಿ” ಅನ್ನುವುದೇ? ಹದಿನೈದು ವರ್ಷದ ಮೇಲೆ? ಆಗುವುದಿಲ್ಲ.

2 ಫೆಬ್ರವರಿ

ಫಿಯಾಟ್ ಮದ್ರಾಸಿಗೆ ಹೊರಟ ಲಾರಿ ಹತ್ತಿತು. ಶಂಭು ಕಾಲು ಮುಟ್ಟಿದ. ಲೈನಿಂಗಿನ ಮಾತು ಎತ್ತದೆ ಲಾರಿಯ ಹಗ್ಗ ಬಿಗಿದೆ.

4 ಫೆಬ್ರವರಿ

ಎರಡು ದಿನ ಅನ್ನ ಸೇರಲಿಲ್ಲ. ಪೋಸ್ಟ್ ಆಫೀಸಿಗೆ ಹೋಗಿ ಅವನಿಳಿದ ಲಾಡ್ಜಿಗೆ ಟ್ರಂಕ್ ಕಾಲ್ ಹಾಕಿದೆ. ಲೈನು ಗೊರಗೊರ. ಕೂಗಬೇಕಾಯಿತು. ಮನಿಯಾರ್ಡರಿಗೆ ನಿಂತವರೆಲ್ಲ ತಿರುಗಿ ನೋಡಿದರು.

“ಶಂಭೂ, ಲೈನಿಂಗ್ ಆರಿಸಿದ್ದು ನಂದು ತಪ್ಪು! ಬದಲಿಸು!”

“ಕೇಳಸವಲ್ದ್ರಿ ಮಾಮಾ! ಇವತ್ತ ಪ್ರಾಕ್ಟೀಸಿನ್ಯಾಗ ಎರಡು ಸಲ ಗಾಡಿ ತಿರುಗಿತ್ರಿ. ಇಲ್ಲಿ ಮೆಕ್ಯಾನಿಕ್ ಬ್ಯಾರೆ ಲೈನಿಂಗ್ ಹಾಕ್ತೀನಿ ಅಂದಾ. ನಮ್ಮ ಮಾಮಾ ಹಾಕಿದ್ದು ಮುಟ್ಟಬ್ಯಾಡ, ಒತ್ತಾಕ ನನಗ ಬರಂಗಿಲ್ಲ ಅಂತ ಬೈದು ಕಳಿಸೇನ್ರಿ!”

“ನಂದು ತಪ್ಪಲೇ! ಬದಲಿಸಲೇ!”

ಮೂರು ನಿಮಿಷ ಮುಗಿಯಿತು. ಕಟ್. ಮತ್ತೆ ಹಾಕಿಸಿದೆ. ಹೊರಗೆ ಹೋದರು ಅಂದ ಲಾಡ್ಜಿನವನು. ನನ್ನ ತಪ್ಪು ಇಡೀ ನವಲಗುಂದಕ್ಕೆ ಕೇಳಿಸಿತು. ಅವನಿಗೆ ಕೇಳಿಸಿತೋ ಇಲ್ಲವೋ.

5 ಫೆಬ್ರವರಿ, ಭಾನುವಾರ, ಬೆಳಿಗ್ಗೆ 10

ಹತ್ತೂವರೆಗೆ ರೇಸ್. ಪೋಸ್ಟ್ ಆಫೀಸಿಗೆ ಬೀಗ. ನೀಲಕ್ಕ ಬಸವಣ್ಣನ ಗುಡಿಗೆ ಎಣ್ಣೆ ಕೊಟ್ಟು ಬಂದಳು. “ಬ್ರೇಕ್ ನೀವ ಹಾಕೀರಲ್ರಿ, ನನಗೇನ ಅಂಜಿಕಿಲ್ಲ” ಅಂದಳು.

ಇಷ್ಟು ದಿನ ಎಲ್ಲರನ್ನೂ ದಡ್ಡರೆಂದು ಬರೆದೆ. ನನ್ನಂಥ ಹೇಡಿ ಈ ಪುಸ್ತಕದಲ್ಲಿ ಇನ್ನೊಬ್ಬನಿಲ್ಲ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದಾಳೆ, ಏನು ಬರಿಯಾಕತ್ತೀರಿ ಅಂತ. ಹೇಳಬೇಕು, ಈಗಲೇ. ನೀಲಾ, ನಿನ್ನ ತಮ್ಮನಿಗೆ ನಾನು —