ಸೂಜಿಯಿಂದ ವಿನಾಯಿತಿ ಕೊಟ್ಟ ಅಧಿಕಾರಿಗೆ

ಆರೋಗ್ಯ ಇಲಾಖೆಯಲ್ಲಿ ವಿನಾಯಿತಿ ಅರ್ಜಿಗಳ ಮೇಲೆ ಹಸಿರು ಶಾಯಿಯಲ್ಲಿ ರುಜು ಹಾಕುವ ಮಾನ್ಯರೇ,

ನನ್ನ ಅಕ್ಕನ ಮಗಳು ಪ್ರಮೀಳಾಳನ್ನು ನಾವಿಬ್ಬರೂ ಸೇರಿ ಕೊಂದಿದ್ದೇವೆ. ನಾನು ಅರ್ಜಿ ಬರೆದೆ, ನೀವು ಒಪ್ಪಿದಿರಿ. ಹತ್ತೊಂಬತ್ತು ವರ್ಷದ ಹುಡುಗಿ, ನರ್ಸಿಂಗ್ ತರಬೇತಿಯ ಎರಡನೇ ವರ್ಷದಲ್ಲಿದ್ದವಳು, ಕಾಮಾಲೆಯಾಗಿ, ರಕ್ತ ಕಾರಿಕೊಂಡು ಕಳೆದ ತಿಂಗಳು ಸತ್ತಳು. ಹೆಪಟೈಟಿಸ್ ಬಿ ಲಸಿಕೆಯ ಮೂರು ಚುಚ್ಚುಮದ್ದು ಬಿದ್ದಿದ್ದರೆ ಬದುಕಿರುತ್ತಿದ್ದಳು ಅಂತ ಅವಳಿಗೆ ಪಾಠ ಮಾಡಿದ ಡಾಕ್ಟರೇ ಹೇಳಿದರು. ಆ ಮೂರೂ ಬೀಳದಂತೆ ನೋಡಿಕೊಂಡವರು ನೀವು ಮತ್ತು ನಾನು. ನನಗಾದ ಶಿಕ್ಷೆಯನ್ನು ಮುಂದೆ ಹೇಳುತ್ತೇನೆ. ನಿಮಗೇನಾಯಿತು? ಹತ್ತೂವರೆಯ ಟೀ ತಪ್ಪಿತೇ?

ನಾನು ಹುಣಸೂರಿನಲ್ಲಿ ಕಚೇರಿಗಳ ಎದುರು ಕೂತು ಜನಕ್ಕೆ ಅರ್ಜಿ ಬರೆದುಕೊಡುವವನು. ಗುರುಪುರದ ನಮ್ಮ ಭಾವ, ಪ್ರಮೀಳಾಳ ಅಪ್ಪ ಕನಕರಾಜು ಬಂದಾಗಲೂ ಬರೆದುಕೊಟ್ಟೆ. ಅವರ ಮನೆಯಲ್ಲಿ ಒಂದು ಹರಕೆ ಇತ್ತು. ಪ್ರಮೀಳಾಗೆ ಐದನೇ ವರ್ಷದಲ್ಲಿ ಅಮ್ಮ ಆಗಿ, ಮೈಯೆಲ್ಲ ಬೊಕ್ಕೆ ಎದ್ದು, ಇನ್ನು ಮಗು ಉಳಿಯುವುದಿಲ್ಲ ಅಂದಾಗ ಅವಳ ಅಜ್ಜಿ ಭದ್ರಮ್ಮ ಬೇವಿನ ಸೊಪ್ಪು ಹಿಡಿದು ಮಾರಮ್ಮನ ಮುಂದೆ ನಿಂತು, ಮದುವೆಯಾಗುವ ತನಕ ಈ ಮೈಗೆ ಸೂಜಿ ತಾಗಿಸುವುದಿಲ್ಲ ಅಂತ ಮಾತು ಕೊಟ್ಟಿದ್ದಳು. ಮಗು ಉಳಿಯಿತು. ಮೂಗನ್ನೂ ಚುಚ್ಚಿಸಲಿಲ್ಲ. ಅಂಥ ಹುಡುಗಿಯನ್ನು ನರ್ಸಿಂಗ್‌ಗೆ ಸೇರಿಸಿದೆವು! ಊರವರ ಮೈಗೆಲ್ಲ ಇವಳು ಚುಚ್ಚಬಹುದು, ಇವಳ ಮೈಗೆ ಮಾತ್ರ ಯಾರೂ ಚುಚ್ಚಬಾರದು. ಇದರಲ್ಲಿ ನಮಗೆ ಏನೂ ವಿಚಿತ್ರ ಕಾಣಲಿಲ್ಲ. ನಾವು ಹಳ್ಳಿ ಮುಕ್ಕರು, ಒಪ್ಪಿದೆ. ಪದವಿ ಪತ್ರಗಳಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡ ತಮಗೂ ಕಾಣಲಿಲ್ಲವೇ?

ವಾರ್ಡಿಗೆ ಹೋಗುವವರಿಗೆ ಲಸಿಕೆ ಕಡ್ಡಾಯ ಅಂದಾಗ, ಹರಕೆಯ ಕಾರಣ ಲಸಿಕೆಯಿಂದ ವಿನಾಯಿತಿ ದಯಪಾಲಿಸಬೇಕಾಗಿ ಪ್ರಾರ್ಥನೆ ಅಂತ ಮುತ್ತು ಪೋಣಿಸಿದಂತೆ ಬರೆದೆ. ನಾಲ್ಕೇ ದಿನಕ್ಕೆ ಮಂಜೂರಾಗಿ ಬಂತು. ಪಿಂಚಣಿಗೆ ಅರ್ಜಿ ಹಾಕಿದ ಮುದುಕಿಯರು ಸತ್ತು ತಿಥಿಯಾದರೂ ಅಲುಗಾಡದ ಸರ್ಕಾರ ಇಲ್ಲಿ ಎದ್ದುಬಿದ್ದು ಓಡಿತು. ಸುದ್ದಿ ಹಬ್ಬಿ ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದಲೂ ಜನ ಬಂದರು. ಕೆಲವರಿಗೆ ಹರಕೆ, ಕೆಲವರಿಗೆ ಸೂಜಿ ಚುಚ್ಚಿಸಿದರೆ ಮುಂದೆ ಮಕ್ಕಳಾಗಲ್ಲ ಅನ್ನುವ ಭಯ. ನರ್ಸಿಂಗ್ ಕಲಿಯುತ್ತಿದ್ದ ಇನ್ನೂ ಒಂಬತ್ತು ಹುಡುಗಿಯರಿಗೆ ನಾನೇ ಬರೆದೆ. ಒಂಬತ್ತಕ್ಕೂ ತಮ್ಮ ಹಸಿರು ರುಜು ಬಿತ್ತು.

ದೀಪಾವಳಿ ಕಳೆದ ವಾರ, ವಾರ್ಡಿನಲ್ಲಿ ರೋಗಿಯೊಬ್ಬನಿಗೆ ಚುಚ್ಚಿದ ಸೂಜಿಗೆ ಮುಚ್ಚಳ ಹಾಕುವಾಗ ಅದು ಪ್ರಮೀಳಾಳ ಹೆಬ್ಬೆರಳಿಗೆ ನೆಟ್ಟಿತು. ಆ ಕೂಡಲೇ ಹೇಳಿದ್ದರೆ ಅದಕ್ಕೂ ಮದ್ದಿತ್ತಂತೆ. ಅವಳು ಯಾರಿಗೂ ಹೇಳಲಿಲ್ಲ. ಅವಳಿಗಿದ್ದ ಹೆದರಿಕೆ ರೋಗದ್ದಲ್ಲ, ಹರಕೆ ಮುರಿಯಿತಲ್ಲ ಅನ್ನುವುದು. ಮೂರು ತಿಂಗಳಾದ ಮೇಲೆ, ಕಣ್ಣು ಅರಿಶಿನವಾಗಿ ಮಲಗಿದ್ದಾಗ, ನನ್ನ ಕೈ ಹಿಡಿದುಕೊಂಡು ಬಾಯಿಬಿಟ್ಟಳು.

"ಮಾವ, ಸೂಜಿ ತಾಕ್ಬುಡ್ತು. ಅಜ್ಜಿಗೇಳ್ಬ್ಯಾಡ, ಅದು ತಡ್ಕೊಳಕಿಲ್ಲ."

ಆರನೇ ದಿನಕ್ಕೆ ಹೋದಳು. ಮಣ್ಣು ಮಾಡಿ ಬಂದವನೇ ಭಾವ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ತಂದಿದ್ದ ಸೌದೆ ಎತ್ತಿಕೊಂಡು ನನ್ನನ್ನು ಅಂಗಳದಲ್ಲಿ ಕೆಡವಿಕೊಂಡು ಬಡಿದ. ಎಡಗೈ ಎರಡು ಕಡೆ ಮುರಿಯಿತು, ಮುಂದಿನ ಹಲ್ಲು ಮೂರು ಉದುರಿದವು. ಯಾರೂ ಬಿಡಿಸಲಿಲ್ಲ. ನನ್ನ ಒಡಹುಟ್ಟಿದ ಅಕ್ಕ ಜಗಲಿಯ ಮೇಲೆ ಕೂತು ನೋಡಿದಳು. ನಾನೂ ಕೈ ಅಡ್ಡ ಹಿಡಿಯಲಿಲ್ಲ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ನಿಮ್ಮ ಕಚೇರಿಗೆ ಬಂದೆ. ಉಳಿದ ಒಂಬತ್ತನ್ನು ರದ್ದು ಮಾಡಿ ಅಂತ ಕೇಳಿಕೊಂಡೆ. ತಮ್ಮ ಗುಮಾಸ್ತರು ಕಡತ ತೆಗೆದು ನನ್ನ ಅಕ್ಷರವನ್ನೇ ನನಗೆ ತೋರಿಸಿ, ಪೋಷಕರು ಕೇಳಿದ್ದಾರೆ, ಸಾಹೇಬರು ಕೊಟ್ಟಿದ್ದಾರೆ, ಇಲಾಖೆಯ ಮೇಲೆ ಏನೂ ಬರುವುದಿಲ್ಲ ಅಂತ ನಕ್ಕರು. ಆ ನಗುವನ್ನು ಕಂಡು ಮೈಯೆಲ್ಲ ಉರಿದುಹೋಯಿತು. ಕೊರಳಪಟ್ಟಿ ಹಿಡಿದು ಅವರ ಮುಖವನ್ನು ಅದೇ ಕಡತಕ್ಕೆ ಗುದ್ದಿದೆ, ಮೂಗು ಒಡೆಯುವ ತನಕ ಗುದ್ದಿದೆ. ನೀವು ಒಳಗಿನಿಂದ ಚಿಲಕ ಹಾಕಿಕೊಂಡಿರಿ. ಆಮೇಲೆ ಪೊಲೀಸರು ಬಂದು ನನಗೆ ಲಾಠಿಯ ರುಚಿ ತೋರಿಸಿದರು. ಗುಮಾಸ್ತರಿಗೆ ಹೊಡೆದದ್ದಕ್ಕೆ ಪಶ್ಚಾತ್ತಾಪವಿದೆ, ಸಂಬಳದ ಮನುಷ್ಯ. ನೀವು ಸಿಕ್ಕಿದ್ದರೆ ಬಿಡುತ್ತಿರಲಿಲ್ಲ, ಸುಳ್ಳೇಕೆ ಹೇಳಲಿ?

ದೇವರಿಗೆ ಗೌರವ ಕೊಟ್ಟೆವು ಅಂತ ಮಾತ್ರ ಹೇಳಬೇಡಿ. ಆಗುವುದಿಲ್ಲ, ಚುಚ್ಚಿಸಿಕೊಳ್ಳದವಳು ವಾರ್ಡಿಗೆ ಕಾಲಿಡುವಂತಿಲ್ಲ ಅಂತ ನೀವು ಒಂದು ಸಾಲು ಬರೆದಿದ್ದರೆ ನಾವೇನು ಮಾಡುತ್ತಿದ್ದೆವು ಗೊತ್ತೇ? ನಿಮ್ಮನ್ನು ಬಾಯಿಗೆ ಬಂದಂತೆ ಬೈದು, ಮಾರಮ್ಮನ ಮುಂದೆ ತಪ್ಪುಕಾಣಿಕೆ ಇಟ್ಟು, ಸರ್ಕಾರ ಬಿಡಲಿಲ್ಲ ತಾಯಿ ಅಂತ ಅಡ್ಡಬಿದ್ದು, ಹುಡುಗಿಗೆ ಚುಚ್ಚಿಸುತ್ತಿದ್ದೆವು. ಕೊಟ್ಟ ಮಾತಿಗೆ ತಪ್ಪಿದರೆ ಕಾಣಿಕೆ ಇಟ್ಟು ಕ್ಷಮೆ ಕೇಳುವುದು ನಮ್ಮ ಕಡೆ ಇದ್ದದ್ದೇ. ದೇವರ ಮುಂದೆ ದೂರಲು ನಮಗೆ ಒಬ್ಬ ಅಧಿಕಾರಿ ಬೇಕಿತ್ತು. ನಾಲ್ಕು ಬೈಗುಳ ತಿನ್ನಲೂ ಆಗದವರಿಗೆ ಆ ಕುರ್ಚಿ ಯಾಕೆ?

ಒಂಬತ್ತು ಹುಡುಗಿಯರು ಇವತ್ತೂ ವಾರ್ಡಿನಲ್ಲಿ ಸೂಜಿ ಹಿಡಿದಿದ್ದಾರೆ. ಅವರ ಮನೆಗಳಿಗೆಲ್ಲ ಹೋಗಿ ಬೇಡಿಕೊಂಡೆ. ಸಾಹೇಬ್ರೇ ಬರ್ಕೊಟ್ಟವ್ರೆ, ನೀನ್ಯಾವನ್ಲಾ ಕೇಳಕ್ಕೆ ಅಂತ ಪಿರಿಯಾಪಟ್ಟಣದ ಒಬ್ಬ ತಂದೆ ನನ್ನನ್ನು ಬಾಗಿಲಿಂದ ಆಚೆ ನೂಕಿದ. ಆದ್ದರಿಂದ ಈ ವಾರದೊಳಗೆ ಒಂಬತ್ತೂ ವಿನಾಯಿತಿಗಳನ್ನು ರದ್ದುಮಾಡಿ, ಅವರನ್ನು ವಾರ್ಡಿನಿಂದ ಹೊರಗೆ ಕರೆಸಿ, ಮೊದಲ ಚುಚ್ಚುಮದ್ದು ಹಾಕಿಸಿ. ರದ್ದಾಯಿತೇ ಅಂತ ಕೇಳಲು ಸೋಮವಾರ ನಾನು ಬರುವುದಿಲ್ಲ, ಜಾಮೀನಿನ ಷರತ್ತು ಹಾಗಿದೆ. ಭದ್ರಮ್ಮ ಬರುತ್ತಾಳೆ. ಅವಳಿಗೆ ಎಲ್ಲ ಗೊತ್ತಾಗಿದೆ. ಮಾರಮ್ಮನನ್ನಲ್ಲ, ನಿಮ್ಮನ್ನು ಒಂದು ಮಾತು ಕೇಳಬೇಕಂತೆ. ಉತ್ತರ ಸಿದ್ಧ ಮಾಡಿಕೊಳ್ಳಿ ಅಂತ ಈಗಲೇ ತಿಳಿಸುತ್ತಿದ್ದೇನೆ:

"ನಾನು ಅರಕೆ ಕಟ್ಕೊಂಡಿದ್ದು ಮೊಗ ಉಳೀಲಿ ಅಂತ ಕಣಪ್ಪ. ನೀನು ರುಜು ಆಕಿದ್ದು ಏನುಳೀಲಿ ಅಂತ?"

ಇಂತಿ,
ಈ ಕೊಲೆಯಲ್ಲಿ ತಮ್ಮ ಪಾಲುದಾರ,
ಉಮಾಶಂಕರ
ಅರ್ಜಿ ಬರೆಯುವುದನ್ನು ಬಿಟ್ಟವನು, ಹುಣಸೂರು
ಮಾರ್ಚ್ ೨೦೦೧